ಸೋಮವಾರ ಉಳದ ಕಂಪ್ಯೂಟರು

ನಮಗೆ ಒಂದು ಗುಂಟೆ ಜಮೀನೂ ಇಲ್ಲ. ಕಡೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ, ಹಿಂದೆ ಒಂದು ಕರಿಬೇವಿನ ಗಿಡ, ಕಾಂಪೌಂಡಿಗೆ ಒರಗಿಕೊಂಡ ಒಂದು ದಾಸವಾಳ. ಹಾಗಿದ್ದೂ ಸೋಮವಾರ ನಮ್ಮ ಮನೆಯಲ್ಲಿ ಬೇಸಾಯಕ್ಕೆ ರಜೆ. ಇದನ್ನು ಹೊರಗೆ ಒಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವ ಐವತ್ತಾರರ ಮನುಷ್ಯನ ಮನೆಯಲ್ಲಿ ಕಂಪ್ಯೂಟರ್ ಆಟದ ಹೊಲವಿದೆ, ಆ ಹೊಲಕ್ಕೆ ವಾರದ ರಜೆಯೂ ಇದೆ ಎಂದು ಗೊತ್ತಾದರೆ ಸ್ಟಾಫ್ ರೂಮಿನಲ್ಲಿ ನನಗೆ ಉಳಿಗಾಲವಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಕಂಪ್ಯೂಟರ್ ತಂದವನು ನಾನು. ಏಳು ವರ್ಷದ ಹಿಂದೆ, ಪಾಠದ ಟಿಪ್ಪಣಿ ಮಾಡಿಕೊಳ್ಳಲು ಎಂದು ಹೇಳಿ ತಂದೆ. ಟಿಪ್ಪಣಿಗೆ ಅಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕು ಎಂದು ನನ್ನ ಹೆಂಡತಿ ಗಿರಿಜ ಕೇಳಲಿಲ್ಲ. ನಿಜ ಏನೆಂದರೆ ನನಗೆ ರೈಲು ಓಡಿಸುವ ಆಟದ ಹುಚ್ಚು. ಚಿಕ್ಕಂದಿನಲ್ಲಿ ಬೀರೂರು ಜಂಕ್ಷನ್ನಿನ ಬೆಂಚಿನ ಮೇಲೆ ಕೂತು ಶಿವಮೊಗ್ಗದ ಗಾಡಿ ಹೊರಡುವುದನ್ನು ನೋಡಿ ನೋಡಿ ಹತ್ತಿದ ಹುಚ್ಚು ಅದು. ಕೆಲವು ವರ್ಷ ಸಂಜೆ ಹೊತ್ತು ಸುಖವಾಗಿ ರೈಲು ಓಡಿಸಿಕೊಂಡಿದ್ದೆ. ಆಮೇಲೊಂದು ದಿನ ಬದಲಾವಣೆಗಿರಲಿ ಎಂದು ಟ್ರಾಕ್ಟರಿನ ಆಟವೊಂದನ್ನೂ ಹಾಕಿಕೊಂಡೆ. ಗಿರಿಜ ಸೊಪ್ಪು ಬಿಡಿಸುತ್ತಾ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಸಾಲು ಸೊಟ್ಟ ಹೊಡೀತಿದೀರಿ ಕಣ್ರೀ," ಅಂದಳು.

ಮಾರನೆಯ ವಾರದ ಹೊತ್ತಿಗೆ ಸೊಪ್ಪಿನ ತಟ್ಟೆ ನನ್ನ ಕೈಗೆ ಬಂದಿತ್ತು, ಮೌಸು ಅವಳ ಕೈಗೆ ಹೋಗಿತ್ತು.

ಗಿರಿಜ ಹಿರೇನಲ್ಲೂರು ಕಡೆಯ ಬಯಲುಸೀಮೆಯ ಹೆಣ್ಣು. ರಾಗಿ, ಹುರುಳಿ, ಎಳ್ಳು ಬೆಳೆದ ಮನೆಯವಳು. ಹೊಲಕ್ಕೆ ಬುತ್ತಿ ಹೊತ್ತಿದ್ದಾಳೆ, ಕಳೆ ಕಿತ್ತಿದ್ದಾಳೆ, ಕುಡುಗೋಲು ಹಿಡಿದು ಬೆರಳು ಕುಯ್ದುಕೊಂಡಿದ್ದಾಳೆ. ಆದರೆ ಉಳುವುದಕ್ಕೆ ಮಾತ್ರ ಅವಳನ್ನು ಬಿಟ್ಟವರಿಲ್ಲ. ಹೆಣ್ಣು ನೇಗಿಲು ಮುಟ್ಟಿದರೆ ಮಳೆ ಹಿಂದಕ್ಕೆ ಹೋಗುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದರಂತೆ. ಆಮೇಲೆ ಮನೆಗೆ ಟ್ರಾಕ್ಟರ್ ಬಂತು, ಮಳೆಯ ಮಾತು ಹೋಯಿತು, ಅದನ್ನು ಮುಟ್ಟಬಾರದೆನ್ನುವುದು ಮಾತ್ರ ಉಳಿಯಿತು. ಅವಳ ತಮ್ಮ ಹದಿನಾಲ್ಕನೇ ವಯಸ್ಸಿಗೇ ಟ್ರಾಕ್ಟರ್ ಹತ್ತಿದ. ಇವಳು ಇಪ್ಪತ್ತೊಂದಕ್ಕೆ ಹೊಸ ಸೀರೆಯಲ್ಲಿ ಅದೇ ಟ್ರಾಕ್ಟರಿನ ಟ್ರೇಲರ್ ಹತ್ತಿ ನಮ್ಮ ಮನೆಗೆ ಬಂದಳು. ಈಗ ಅಂಗನವಾಡಿ ಟೀಚರ್. ನಾಲ್ಕಕ್ಕೆ ಮನೆಗೆ ಬಂದು, ಕಾಫಿ ಕುಡಿದು, ಐದರಿಂದ ದೀಪ ಹಚ್ಚುವ ಹೊತ್ತಿನ ತನಕ ಉಳುತ್ತಾಳೆ.

ಆಟದ ಊರು ಯಾವುದೋ ಪರದೇಶದ್ದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೆಳೆಯೆಲ್ಲ ಗೋಧಿ, ಬಾರ್ಲಿ, ಜೋಳದ ಕಡೆಯದು. ಗಿರಿಜ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಬಾರ್ಲಿಯನ್ನು ಮನಸ್ಸಿನಲ್ಲಿ ರಾಗಿ ಮಾಡಿಕೊಂಡಳು. ಹೊಲಗಳಿಗೆ ಆಟದವರು ಕೊಟ್ಟ ನಂಬರು ಬಿಟ್ಟು ಕೆರೆಹಿಂದಲದು, ಕಲ್ಲುಬಾರೆ, ದೊಡ್ಡ ತಾಕು ಎಂದು ಹೆಸರಿಟ್ಟಳು. ರಾಗಿಯ ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಲು ಆ ಆಟದಲ್ಲಿ ಸೌಕರ್ಯವಿಲ್ಲ ಎನ್ನುವುದೊಂದೇ ಅವಳ ಕೊರತೆ. ಪಂಚನಹಳ್ಳಿಯಲ್ಲಿರುವ ಅವಳ ಅಕ್ಕ ಫೋನ್ ಮಾಡಿ ಭಾನುವಾರ ಬಂದು ಹೋಗು ಅಂದರೆ, "ಕುಯ್ಲು ಮುಗೀಲಿ ಕಣಕ್ಕ, ಬತ್ತೀನಿ," ಅನ್ನುವಳು. ಯಾವ ಹೊಲ, ಯಾರ ಕುಯ್ಲು ಎಂದು ಆ ಅಕ್ಕ ನನ್ನನ್ನು ಗುಟ್ಟಾಗಿ ವಿಚಾರಿಸಿದ್ದುಂಟು.

ಇನ್ನು ಸೋಮವಾರದ ವಿಷಯ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತೆಂದರೆ ಬಸವಣ್ಣ, ಸೋಮವಾರ ಶಿವನ ವಾರ. ಒಡೆಯನ ದಿನ ಒಡೆಯನ ವಾಹನವನ್ನು ದುಡಿಸಬಾರದು ಎನ್ನುವುದು ಹಿರಿಯರ ಮಾತು. ಇತಿಹಾಸದ ಮೇಷ್ಟರಾಗಿ ನನಗೆ ಬೇರೊಂದು ಗುಮಾನಿ ಇದೆ. ರಜೆ ಕೊಡಿ ಎಂದು ಬಾಯಿಬಿಟ್ಟು ಕೇಳಲಾರದ ಪ್ರಾಣಿಗೆ ದೇವರ ಹೆಸರು ಹೇಳಿ ರಜೆ ಮಂಜೂರು ಮಾಡಿಸಿದ ಪುಣ್ಯಾತ್ಮ ಯಾವನೋ ಹಿಂದೆ ಇದ್ದಿರಬೇಕು. ಅದೇನೇ ಇರಲಿ, ಗಿರಿಜಳ ಅಪ್ಪ ಎತ್ತು ಮಾರಿದ ಮೇಲೂ ಸೋಮವಾರ ಟ್ರಾಕ್ಟರ್ ಚಾಲೂ ಮಾಡುತ್ತಿರಲಿಲ್ಲ. ಮಗಳೂ ಹಾಗೆಯೇ. ಆಟದಲ್ಲಿ ಎತ್ತೇ ಇಲ್ಲವಲ್ಲೇ ಎಂದು ನಾನೊಮ್ಮೆ ತರ್ಕ ಮಾಡಿದೆ.

"ಎತ್ತಿಲ್ದಿದ್ರೇನು, ಸೋಮವಾರ ಐತಲ್ಲ," ಅಂದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಹೋದ ವರ್ಷ ಕಂಪ್ಯೂಟರಿನ ಪರದೆ ಮೇಲೆ ಒಂದು ನೋಟೀಸು ಬಂತು. ಕಿಟಕಿಯ ಗುರುತಿನ ಆ ಹಳೆಯ ವ್ಯವಸ್ಥೆಗೆ ಇನ್ನು ಮುಂದೆ ರಕ್ಷಣೆ ಇರುವುದಿಲ್ಲ, ಹೊಸದಕ್ಕೆ ಹೋಗಿ ಎಂದು. ಸರಿ, ಹೋಗೋಣವೆಂದರೆ ಎರಡನೆಯ ನೋಟೀಸು ಬಂತು: ನಿಮ್ಮ ಯಂತ್ರ ಹೊಸದಕ್ಕೆ ಅರ್ಹವಲ್ಲ. ನನಗೆ ಇದು ವೈಯಕ್ತಿಕವಾಗಿ ನಾಟಿತು. ನಾಲ್ಕು ವರ್ಷದಲ್ಲಿ ನಾನೂ ನಿವೃತ್ತ. ಒಂದು ದಿನವೂ ಕೆಮ್ಮದ, ಬಿಸಿಯಾಗದ, ಬಾರ್ಲಿಯನ್ನೂ ಹಿಮವನ್ನೂ ಒಟ್ಟಿಗೆ ತೋರಿಸಬಲ್ಲ ಯಂತ್ರವನ್ನು ಹುಟ್ಟಿದ ಇಸವಿ ನೋಡಿ ಮನೆಗೆ ಕಳಿಸುವುದು ಯಾವ ನ್ಯಾಯ? ಹೊಸ ಕಂಪ್ಯೂಟರ್ ಕೊಳ್ಳುವುದಿಲ್ಲ ಎಂದು ನಾನು ಆವತ್ತೇ ತೀರ್ಮಾನಿಸಿದೆ. ಯಂತ್ರ ಇದೇ ಇರಲಿ, ವ್ಯವಸ್ಥೆ ಬದಲಾಗಲಿ.

ಆಪರೇಟಿಂಗ್ ಸಿಸ್ಟಂ ಅಂದರೇನು ಎಂದು ಗಿರಿಜ ಕೇಳಿದಳು. ಹಿಂದಿನ ಕಾಲದ ಅಮಲ್ದಾರ್ ಇದ್ದ ಹಾಗೆ ಅಂದೆ. ಅವನೇನೂ ಉಳುವುದಿಲ್ಲ, ಬಿತ್ತುವುದಿಲ್ಲ; ಆದರೆ ತಾಲ್ಲೂಕಿನಲ್ಲಿ ಅವನ ರುಜು ಇಲ್ಲದೆ ಒಂದು ಕಾಲುವೆಯ ನೀರೂ ಹರಿಯುವುದಿಲ್ಲ. ಒಳ್ಳೆಯ ಅಮಲ್ದಾರ್ ಇದ್ದಾನೆ ಎನ್ನುವುದು ಜನರಿಗೆ ಗೊತ್ತೇ ಆಗಬಾರದು. ಕೆಟ್ಟವನಾದರೆ ಕುಯ್ಲಿನ ಮಧ್ಯೆ ಬಂದು ದಫ್ತರ ಬಿಚ್ಚುತ್ತಾನೆ. ಅವಳಿಗೆ ಥಟ್ಟನೆ ಅರ್ಥವಾಯಿತು. ಬೆಳೆ ಅರ್ಧ ಕುಯ್ದಿರುವಾಗ ಈಗಲೇ ರೀಸ್ಟಾರ್ಟ್ ಮಾಡಬೇಕೆಂದು ಪರದೆ ಹಿಡಿದುಕೊಂಡು ಕೂರುತ್ತಿದ್ದವನ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು.

"ಹಂಗಾದ್ರೆ ಬದ್ಲಾಯಿಸಿ. ಹೊಲ ಮಾತ್ರ ಹುಷಾರು," ಅಂದಳು. ನಾಲ್ಕು ವರ್ಷ ಉತ್ತ ನೆಲವನ್ನು ನನ್ನ ಕೈಗೆ ಒಪ್ಪಿಸುತ್ತಿದ್ದೇನೆ ಎನ್ನುವ ದನಿ ಅದರಲ್ಲಿತ್ತು. ನಾನು ಹಗುರವಾಗಿ ತಲೆಯಾಡಿಸಿದೆ.

ಪರ್ಯಾಯ ಯಾವುದು ಎಂದು ಹುಡುಕಲು ಹೊರಟ ಮೇಲೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯ ಹೆಸರಿನ ಹಿಂದೆ ಎಷ್ಟು ಪೀಠಗಳಿವೆ ಎಂದು ತಿಳಿಯಿತು. ಮೂಲ ಒಂದೇ, ತತ್ವ ಒಂದೇ. ಆದರೆ ನಮ್ಮ ಕಡೆಯ ಮಠಗಳ ಹಾಗೆ ಒಂದೊಂದಕ್ಕೂ ಒಂದೊಂದು ಪರಂಪರೆ, ಒಂದೊಂದು ಲಾಂಛನ, ಬೇರೆ ಬೇರೆ ಭಕ್ತರು. ಸ್ವಾಮಿಗಳು ಪರಸ್ಪರ ಚೆನ್ನಾಗಿಯೇ ಇರುತ್ತಾರೆ, ಜಗಳವೆಲ್ಲ ಭಕ್ತರದು. ತರೀಕೆರೆಯಲ್ಲಿರುವ ನನ್ನ ಭಾವಮೈದ ಒಂದು ಪೀಠಕ್ಕೆ ನಡೆದುಕೊಳ್ಳುತ್ತಾನೆ; ಆಟಕ್ಕೆಂದೇ ಮಾಡಿದ್ದು ಅದು, ಬೇರೆಯದೆಲ್ಲ ಟೈಪಿಂಗಿಗೆ ಲಾಯಕ್ಕು ಎನ್ನುತ್ತಾನೆ. ಅಜ್ಜಂಪುರದ ನನ್ನ ಹಳೆಯ ಸಹಪಾಠಿಯೊಬ್ಬ ಇನ್ನೊಂದರ ಭಕ್ತ. ವಾರಕ್ಕೊಮ್ಮೆ ಬದಲಾಗುವುದನ್ನು ನಂಬಬೇಡ, ನಿಧಾನವೇ ಪ್ರಧಾನ ಎನ್ನುತ್ತಾನೆ. ಇಬ್ಬರೂ ಅರ್ಧರ್ಧ ಗಂಟೆ ಫೋನಿನಲ್ಲಿ ಉಪದೇಶ ಮಾಡಿದರು. ನೀನು ಆಡುವ ಆಟ ಯಾವುದು ಎಂದು ಮಾತ್ರ ಇಬ್ಬರೂ ಕೇಳಲಿಲ್ಲ.

ಅದನ್ನು ಕೇಳಿದವರು ಬೀರೂರಿನ ರಹಮತ್ ಭಾಯಿ. ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ನನ್ನದೇ ವಯಸ್ಸು. ಒಳಗೆ ಮನೆಯವರೊಡನೆ ದಖ್ಖನಿ ಉರ್ದು, ಹೊರಗೆ ಗಿರಾಕಿಗಳೊಡನೆ ಬೀರೂರಿನ ಕನ್ನಡ, ಯಂತ್ರದೊಡನೆ ಮೌನ.

"ಆಟ ಯಾವ್ದು ಮೇಷ್ಟ್ರೇ? ಬಂದೂಕಿಂದಾ? ನಾಲ್ಕು ಜನ ನೆಟ್ಟಲ್ಲಿ ಸೇರಿ ಆಡೋದಾ?"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ದನಿ ತಗ್ಗಿಸಿ, ಟ್ರಾಕ್ಟರಿಂದು, ಆಡೋದು ನಮ್ಮ ಮನೆಯವಳು ಅಂದೆ.

ಅವರು ನಗಲಿಲ್ಲ. "ಹಂಗಾದ್ರೆ ಯೋಚ್ನೆ ಇಲ್ಲ. ನೆಟ್ಟಲ್ಲಿ ಬಡಿದಾಡೋ ಆಟ ಕೆಲವು ಇದ್ರಲ್ಲಿ ನಡೆಯಲ್ಲ. ಉಳೋದು, ರೈಲು ಬಿಡೋದು ಎಲ್ಲಾ ನಡೀತದೆ," ಅಂದರು. ಬೇರೆ ವ್ಯವಸ್ಥೆಗೆಂದು ಮಾಡಿದ ಆಟ ಇದರಲ್ಲಿ ಹೇಗೆ ನಡೆಯುತ್ತದೆ ಎಂದಾಗ, ಅಂಗಡಿಯ ಎದುರಿನ ಹಳಿಯ ಕಡೆ ಕೈ ತೋರಿಸಿದರು. ಗೇಜು, ಅಂದರೆ ಹಳಿಯ ಅಗಲ, ಬೇರೆಯಾದರೆ ಈ ಡಬ್ಬಿಯ ಸರಕನ್ನು ಆ ಡಬ್ಬಿಗೆ ಇಳಿಸಿ ಹೇರುವ ಹಮಾಲರು ಬೇಕಲ್ಲ, ಹಾಗೆ ಇದರೊಳಗೂ ಹಮಾಲರಿದ್ದಾರೆ, ಈಗ ಕೈಚಳಕ ಎಷ್ಟಿದೆಯೆಂದರೆ ಪ್ರಯಾಣಿಕರಿಗೆ ಕುಲುಕೂ ಗೊತ್ತಾಗುವುದಿಲ್ಲ. ಮೂರು ಪೆನ್‌ಡ್ರೈವಿನಲ್ಲಿ ಮೂರು ವ್ಯವಸ್ಥೆ ತುಂಬಿಕೊಟ್ಟರು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಪ್ಪಿಗೆಯಾದರೆ ಒಳಗೆ ಹಾಕಿಕೊಳ್ಳಬಹುದು. ಹೊಸದನ್ನು ಹಾಕಲು ಪುಟ್ಟದೊಂದು ಡಿಸ್ಕನ್ನೂ ಕೊಟ್ಟು, ಒಂದು ಮಾತು ಹೇಳಿದರು:

"ಹೊಸದ್ರಲ್ಲಿ ಆಟ ಹಾಕಿ, ಅಮ್ಮೋರ ಹೊಲ ತೆಗ್ದು ಕಣ್ಣಾರೆ ನೋಡಿ. ನೋಡಾದ ಮೇಲೆ ಹಳೇ ಡಿಸ್ಕ್ ಅಳಿಸಿ. ಮೊದ್ಲೇ ಅಳಿಸ್ಬೇಡಿ."

ಇಷ್ಟು ಸ್ಪಷ್ಟವಾದ ಸೂಚನೆಯನ್ನು ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಕೊಟ್ಟವನಲ್ಲ.

ಮೂರನ್ನೂ ನೋಡುವ ಶಾಸ್ತ್ರ ಒಂದು ಭಾನುವಾರ ನಡೆಯಿತು. ಗಿರಿಜ ಕುರ್ಚಿಯಲ್ಲಿ, ನಾನು ಪಕ್ಕದ ಸ್ಟೂಲಿನಲ್ಲಿ. ಭಾವಮೈದನ ಪೀಠದ್ದು ತೆರೆದ ತಕ್ಷಣ ನೇರಳೆ ಬಣ್ಣದ ಬೆಳಕಿನಲ್ಲಿ ಒಂದು ಘಟಸರ್ಪ ಕಾಣಿಸಿಕೊಂಡಿತು. "ಆಯುಧಪೂಜೆ ಲೈಟಿಂಗ್ ಇದ್ದಂಗೈತೆ, ಕಣ್ಣು ಉರೀತದೆ," ಅಂದಳು. ಎರಡನೆಯದು ವಿನಯವಂತ, ಆದರೆ ಅಕ್ಕನ ಮೆಸೇಜು ತೆರೆದರೆ ಕನ್ನಡದ ಒತ್ತಕ್ಷರಗಳನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟಿತ್ತು. ಮೂರನೆಯದು ಅಜ್ಜಂಪುರದ ಸಹಪಾಠಿಯದು: ಬೂದು ಬಣ್ಣ, ಮೂಲೆಯಲ್ಲಿ ಗಡಿಯಾರ, ಕೇಳಿದ್ದಕ್ಕಷ್ಟೇ ಉತ್ತರ. ಕನ್ನಡ ಸರಿಯಾಗಿ ಬಂತು. ಗಿರಿಜ ಎರಡು ಸಲ ಮುಚ್ಚಿ ತೆರೆದು ನೋಡಿ, "ಇದು ಮನೆಗಾಗೋದು," ಅಂದಳು. ಮೂರು ವಾರ ನಾನು ಓದಿದ ಲೇಖನಗಳು, ಹಾಕಿದ ಪಟ್ಟಿಗಳು, ನೋಡಿದ ವಿಡಿಯೊಗಳು ಎಲ್ಲ ಅಲ್ಲಿಗೆ ಮುಗಿದವು. ನನಗೆ ಸ್ವಲ್ಪ ಬೇಸರವೂ ಆಯಿತು, ಸುಳ್ಳೇಕೆ ಹೇಳಲಿ.

ಹಾಕುವ ದಿನ ಯಾವುದು? ಹೊಲ ಖಾಲಿ ಇರುವುದು ಸೋಮವಾರ. ಮಾರನೆಯ ಸೋಮವಾರ ನನಗೆ ಕಾಲೇಜಿಗೆ ರಜೆ, ಅವಳೂ ರಜೆ ಹಾಕಿದಳು. ಬೆಳಗ್ಗೆ ಯಂತ್ರಕ್ಕೆ ವಿಭೂತಿ ಇಟ್ಟು ಶುರು ಮಾಡಿದೆ. ಮೊದಲು ಹಳೆಯದರಿಂದ ಹೊಲದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಪುಟ್ಟ ಡಿಸ್ಕಿಗೆ ಹೊಸ ವ್ಯವಸ್ಥೆ ಹಾಕಿದೆ. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಜಾಣ ವಿದ್ಯಾರ್ಥಿಯಂತೆ ಉತ್ತರಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಆಟವೂ ಇಳಿದು ಮುಗಿದಿತ್ತು. ಇನ್ನು ಪೆನ್‌ಡ್ರೈವಿನ ಹೊಲ ಒಳಗಿಟ್ಟು, ತೆರೆದು, ಕಣ್ಣಾರೆ ನೋಡುವುದೊಂದು ಬಾಕಿ. ಮೌಸಿನ ಮೇಲೆ ಕೈ ಇಟ್ಟೆ.

"ಏನ್ಮಾಡ್ತಿದೀರಿ?"

"ಹೊಲ ಬಂದಿದ್ಯಾ ಅಂತ ನೋಡ್ತೀನಿ ಕಣೇ."

"ಇವತ್ತು ಸೋಮವಾರ."

"ಉಳಲ್ಲ. ಬರೀ ನೋಡೋದು."

"ಹೊಲಕ್ಕಿಳಿದ್ಮೇಲೆ ಬರೀ ನೋಡ್ಕೊಂಡು ಬರೋಕಾಗುತ್ತಾ? ಒಂದು ಕಳೆ ಕಂಡ್ರೂ ಕೈ ಹೋಗ್ತದೆ. ನಾಳೆ ನೋಡಿದ್ರಾಯ್ತು ಬಿಡಿ."

ಇದರಲ್ಲಿ ತಪ್ಪೇನೂ ಇರಲಿಲ್ಲ. ಬುದ್ಧಿ ಇರುವವನು ಹಳೆಯ ಡಿಸ್ಕ್ ಅಳಿಸುವುದನ್ನೂ ಮಂಗಳವಾರಕ್ಕೇ ಇಟ್ಟುಕೊಳ್ಳುತ್ತಿದ್ದ. ಆದರೆ ನನಗೆ ಕೈ ಕಟ್ಟಿ ಕೂತು ಅಭ್ಯಾಸವಿಲ್ಲ. ಇಡೀ ಬೆಳಗ್ಗೆ ಎಲ್ಲವೂ ಸರಿಯಾಗಿ ನಡೆದದ್ದರಿಂದ ಒಂದು ತರಹದ ಅಮಲು ಏರಿತ್ತು. ನೋಡುವುದು ತಾನೇ ಸೋಮವಾರ ನಿಷೇಧ, ಅಳಿಸುವುದಕ್ಕೆ ಯಾವ ಶಾಸ್ತ್ರ ಅಡ್ಡ ಬಂದೀತು ಎಂದುಕೊಂಡೆ. ಹಳೆಯ ಡಿಸ್ಕನ್ನು ಒರೆಸಿ ಹಾಕಿದೆ. ಜಾಗ ಖಾಲಿಯಾಯಿತಲ್ಲ ಎಂಬ ಖುಷಿಗೆ ಅದರ ತುಂಬ ನನ್ನ ರೈಲಿನ ಆಟಗಳನ್ನು ಇಳಿಸಿಕೊಂಡೆ. ಸಂಜೆ ಒಂದು ಗೂಡ್ಸ್ ಗಾಡಿಯನ್ನು ಬಹಳ ನೆಮ್ಮದಿಯಿಂದ ಓಡಿಸಿದ್ದು ನೆನಪಿದೆ.

ಮಂಗಳವಾರ ಐದು ಗಂಟೆಗೆ ಗಿರಿಜ ಕೂತಳು. ಆಟ ತೆರೆಯಿತು. ಅವಳು ಹೊಲ ಹುಡುಕಿದಳು, ನಾನು ಹುಡುಕಿದೆ. ಪೆನ್‌ಡ್ರೈವಿನಿಂದ ಟ್ರಾಕ್ಟರ್ ಬಂದಿತ್ತು, ಟ್ರೇಲರ್ ಬಂದಿತ್ತು, ಅವಳು ಆಸೆಪಟ್ಟು ಹಾಕಿಸಿಕೊಂಡಿದ್ದ ಕೆಂಪು ಕೂರಿಗೆಯೂ ಬಂದಿತ್ತು. ಹೊಲ ಬಂದಿರಲಿಲ್ಲ. ನಾನು ಹೊಲದ ಫೋಲ್ಡರ್ ಎಂದು ನಂಬಿ ತಂದದ್ದು ಸಲಕರಣೆಗಳ ಫೋಲ್ಡರು. ಹೊಲ ಅದರ ಪಕ್ಕದಲ್ಲೇ ಬೇರೆ ಫೋಲ್ಡರಿನಲ್ಲಿತ್ತು. ಊರು ಬಿಡುವಾಗ ಉಪಕರಣವೆಲ್ಲ ಗಾಡಿಗೆ ಹೇರಿಕೊಂಡು ಜಮೀನನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಗಿರಿಜ ಬೈಯಲಿಲ್ಲ. ಎದ್ದು ಹೋಗಿ ದೀಪ ಹಚ್ಚಿದಳು. ಅಡುಗೆ ಮಾಡಿದಳು. ಅಡುಗೆ ಎಂದಿನಂತೆ ಚೆನ್ನಾಗಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿತು; ಉಪ್ಪು ಹೆಚ್ಚಾಗಿದ್ದರೆ ಸಮಾಧಾನವಾಗುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಆಟದ ಹೊಲವಷ್ಟೇ ಅಲ್ಲವೇ ಎಂದು ನೀವನ್ನಬಹುದು, ನನಗೆ ಅನ್ನುವುದಕ್ಕಾಗಲಿಲ್ಲ. ನಾಲ್ಕು ವರ್ಷದ ಸಂಜೆಗಳನ್ನು ನಾನು ಹಿಂದಿನಿಂದ ನೋಡಿದ್ದೆ, ಸಾಲು ನೇರ ಬಂದಾಗ ಅವಳ ಹೆಗಲು ಇಳಿಯುವುದನ್ನು ನೋಡಿದ್ದೆ.

ಬುಧವಾರ ಕಾಲೇಜು ಮುಗಿಸಿ ಬಸ್ಸಿನಲ್ಲಿ ಬೀರೂರಿಗೆ ಓಡಿದೆ. ಯಂತ್ರ ತೊಡೆಯ ಮೇಲಿತ್ತು. ರಹಮತ್ ಭಾಯಿ ಹಳೆಯ ಡಿಸ್ಕನ್ನು ತೆಗೆದು ಯಾವುದೋ ಪೆಟ್ಟಿಗೆಗೆ ಜೋಡಿಸಿ ಬಹಳ ಹೊತ್ತು ನೋಡಿದರು.

"ಅಳಿಸಿ ಸುಮ್ನಿದ್ದಿದ್ರೆ ತೆಗೀಬೋದಿತ್ತು ಮೇಷ್ಟ್ರೇ. ಅದ್ರ ಮೇಲೆ ಇಷ್ಟೊಂದು ರೈಲು ಓಡ್ಸಿದೀರಿ. ಉತ್ತು ಬಿತ್ತಿದ ಹೊಲ್ದಲ್ಲಿ ಹೋದ್ವರ್ಷದ ಹೆಜ್ಜೆ ಹುಡ್ಕಿದಂಗೆ ಇದು."

ತಂತಿ ಬಿಚ್ಚುತ್ತಾ, "ನೋಡಿ ಅಳಿಸಿ ಅಂದಿದ್ನಲ್ಲ?" ಎಂದು ಕೇಳಿದರು. ಸೋಮವಾರ ನಮ್ಮಲ್ಲಿ ಹೊಲಕ್ಕಿಳಿಯುವುದಿಲ್ಲ ಎಂದೆ. ಅವರು ಶಾಸ್ತ್ರ ಒಪ್ಪಿಕೊಂಡವರ ಹಾಗೆ ತಲೆಯಾಡಿಸಿ, ಡಿಸ್ಕನ್ನು ಮತ್ತೆ ಯಂತ್ರದೊಳಗೆ ಕೂರಿಸಿದರು. ನಾನು ಯಂತ್ರ ಹೊತ್ತುಕೊಂಡು ವಾಪಸು ಬಸ್ ಹತ್ತಿದೆ.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಹೊಲ ಹೋಯಿತು ಅಂದೆ. ಗಿರಿಜ ಅವರೆಕಾಯಿ ಸುಲಿಯುತ್ತಿದ್ದಳು.

"ನೋಡ್ಬೇಡಿ ಅಂದವ್ಳು ನಾನಲ್ವಾ? ಅರ್ಧ ನಂದು," ಅಂದಳು. ಒಂದಿಷ್ಟು ಕಾಯಿ ಸುಲಿದಾದ ಮೇಲೆ, "ಕಲ್ಲುಬಾರೇನ ಮೊದಲ ವರ್ಷ ಅಡ್ಡಡ್ಡ ಉತ್ತುಬಿಟ್ಟಿದ್ದೆ. ಅದು ಕೊನೇವರ್ಗೂ ಸರಿಹೋಗ್ಲಿಲ್ಲ. ಹೊಸದು ಕಟ್ಟಿದ್ರೆ ಉದ್ದಕ್ಕೆ ಉಳ್ಬೋದು," ಎಂದಳು. ನಾನು ಅವರೆಕಾಯಿ ಮೊರವನ್ನು ನನ್ನ ಕಡೆ ಎಳೆದುಕೊಂಡೆ.

ಗುರುವಾರ ಸಂಜೆ ಇಬ್ಬರೂ ಕೂತೆವು. ಬೂದು ಬಣ್ಣದ ಹೊಸ ವ್ಯವಸ್ಥೆ ಸದ್ದಿಲ್ಲದೆ ಎದ್ದಿತು. ಆಟ ಹೊಸ ಊರು ತೋರಿಸಿತು. ಅವಳು ತಗ್ಗಿನಲ್ಲಿ ನೀರಿರುವ ಒಂದು ತುಂಡು ಆರಿಸಿಕೊಂಡಳು. ಆಮೇಲೆ ರೈತನ ಹೆಸರು ಬರೆಯಿರಿ ಎಂದು ಒಂದು ಖಾಲಿ ಪಟ್ಟಿ ಬಂತು. ರೂಢಿಯಂತೆ ನನ್ನ ಬೆರಳು ಮುಂದಕ್ಕೆ ಹೋಯಿತು.

"ಹಳೇದ್ರಲ್ಲಿ ಯಾರ ಹೆಸ್ರಿತ್ತು?" ಗಿರಿಜ ಕೇಳಿದಳು.

"ನಂದೇ ಇತ್ತು. ಆವತ್ತು ಆಟ ಹಾಕಿದವನು ನಾನಲ್ವಾ."

ಹೇಳುವಾಗ ಏನೂ ಅನ್ನಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ಅನ್ನಿಸಿತು. ಒಂದು ಸಾಲನ್ನೂ ನೇರ ಹೊಡೆಯಲಾರದ ನಾನು ನಾಲ್ಕು ವರ್ಷ ಆ ಹೊಲದ ರೈತನಾಗಿದ್ದೆ. ಕೆರೆಹಿಂದಲದು, ಕಲ್ಲುಬಾರೆ, ದೊಡ್ಡ ತಾಕು, ಎಲ್ಲದರ ಕುಯ್ಲೂ ನನ್ನ ಹೆಸರಿನಲ್ಲಿ ಕಣಕ್ಕೆ ಬಂದಿತ್ತು. ನಾನು ಅದನ್ನು ಬೇಕೆಂದು ಮಾಡಿರಲಿಲ್ಲ. ಇಂಥವೆಲ್ಲ ಬೇಕೆಂದು ಮಾಡಿದವರು ಯಾರೂ ಸಿಗುವುದಿಲ್ಲ.

ಗಿರಿಜ ಕೀಬೋರ್ಡನ್ನು ತನ್ನ ಕಡೆ ತಿರುಗಿಸಿಕೊಂಡಳು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ತನ್ನ ಹೆಸರು ಬರೆದಳು. ಮುಂದೆ ಜಾಗ ಇನ್ನೂ ಉಳಿದಿತ್ತು. ಹಿರೇನಲ್ಲೂರು ಎಂದೂ ಸೇರಿಸಿದಳು. ಒಮ್ಮೆ ಓದಿಕೊಂಡು ಎಂಟರ್ ಒತ್ತಿದಳು.

ಈಗ ಭಾವಮೈದನೂ ಅಜ್ಜಂಪುರದವನೂ ಫೋನ್ ಮಾಡಿ, ಹೇಗಿದೆ ಹೊಸ ವ್ಯವಸ್ಥೆ ಎಂದು ಕೇಳುತ್ತಾರೆ. ಚೆನ್ನಾಗಿದೆ ಅನ್ನುತ್ತೇನೆ. ಯಾವುದಾದರೂ ಚೆನ್ನಾಗಿಯೇ ಇರುತ್ತಿತ್ತೋ ಏನೋ. ಬದಲಾಯಿಸದೆ ಇದ್ದಿದ್ದರೆ ಮಾತ್ರ ಆ ಖಾಲಿ ಪಟ್ಟಿ ಮತ್ತೆ ನಮ್ಮ ಮುಂದೆ ಬರುತ್ತಿರಲಿಲ್ಲ.

ಆವತ್ತು ಗಿರಿಜ ಪರದೆಯಿಂದ ಕಣ್ಣು ತೆಗೆಯದೆ, "ಹೋಗಿ ಕಾಫಿ ಮಾಡ್ಕೊಂಬನ್ನಿ, ಉಳೋದೈತೆ," ಅಂದಳು. ನಾನು ಎದ್ದು ಹೋಗಿ ಹಾಲು ಕಾಯಿಸಿದೆ. ಲೋಟ ತಂದು ಪಕ್ಕದಲ್ಲಿಟ್ಟಾಗ ಅರ್ಧ ಎಕರೆ ಉತ್ತಾಗಿತ್ತು. ಅವಳು ಲೋಟದ ಕಡೆ ನೋಡಲಿಲ್ಲ. ಸಾಲು ನೇರ ಬರಬೇಕಿತ್ತು.